ಸಂಚಾರವೂ ಲೆಕ್ಕಪತ್ರವೂ: ಭಾರತದ ಜೀವವಿಮಾ ಏಜೆಂಟರ ಕಾಲವಿಭಾಗವನ್ನು ಕುರಿತು

ನಮ್ಮ ದೇಶದ ಜೀವವಿಮೆಯ ಇತಿಹಾಸವನ್ನು ಬರೆದವರು ಕಂಪನಿಗಳ ಸ್ಥಾಪನೆ, ಶಾಸನಗಳ ರಚನೆ, ರಾಷ್ಟ್ರೀಕರಣ ಇವುಗಳನ್ನೇ ಪ್ರಧಾನವಾಗಿ ವಿವೇಚಿಸಿರುವುದು ಕಂಡುಬರುತ್ತದೆ. ಊರೂರು ತಿರುಗಿ ವಿಮೆಯನ್ನು ಜನರ ಮನೆಬಾಗಿಲಿಗೆ ಮುಟ್ಟಿಸಿದ ಏಜೆಂಟನು ತನ್ನ ದಿನವನ್ನು ಹೇಗೆ ಹಂಚಿಕೊಳ್ಳಬೇಕಾಯಿತು ಎಂಬ ಪ್ರಶ್ನೆಗೆ ದೊರೆತ ಗಮನ ಅತ್ಯಲ್ಪ. ಅವನ ದಿನದಲ್ಲಿ ಎರಡು ಪಾಲುಗಳುಂಟು. ಜನರನ್ನು ಕಂಡು ಮಾತನಾಡುವ ಸಂಚಾರದ ಪಾಲು ಒಂದು. ಅರ್ಜಿ, ಲೆಕ್ಕ, ವಾಯಿದೆಗಳ ಪಟ್ಟಿ, ಕಛೇರಿಯ ಓಡಾಟ ಇವುಗಳ ಪಾಲು ಇನ್ನೊಂದು. ಇವೆರಡನ್ನೂ ಸರಿದೂಗಿಸುವುದು ಏಜೆಂಟನ ಶಿಸ್ತಿಗೆ ಸೇರಿದ ವಿಷಯವೆಂದು ಹೇಳುವುದು ವಾಡಿಕೆ. ಆದರೆ ಈ ಪಾಲುಗಳ ಪ್ರಮಾಣವನ್ನು ಬಹುಮಟ್ಟಿಗೆ ನಿರ್ಣಯಿಸಿದವು ಕಮಿಷನ್ನಿನ ದರ, ಕಛೇರಿಯ ದೂರ ಮತ್ತು ಹಣ ಸ್ವೀಕರಿಸುವ ಅಧಿಕಾರ ಎಂಬ ಮೂರು ಸಂಗತಿಗಳೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೧೮೧೮ರಲ್ಲಿ ಕಲ್ಕತ್ತೆಯಲ್ಲಿ ಓರಿಯಂಟಲ್ ಲೈಫ್ ಇನ್ಷೂರೆನ್ಸ್ ಕಂಪನಿಯೊಂದಿಗೆ ಆಧುನಿಕ ಜೀವವಿಮೆ ಈ ದೇಶಕ್ಕೆ ಬಂದಿತು. ೧೮೭೦ರಲ್ಲಿ ಸ್ಥಾಪಿತವಾದ ಬಾಂಬೆ ಮ್ಯೂಚುಯಲ್ ಸಂಸ್ಥೆಯು ಭಾರತೀಯರ ಜೀವಗಳನ್ನು ಸಾಮಾನ್ಯ ದರದಲ್ಲಿಯೇ ವಿಮೆಗೆ ಸ್ವೀಕರಿಸತೊಡಗಿತು. ಇದೇ ಕಾಲದಲ್ಲಿ ಏಜೆಂಟನ ಅವಶ್ಯಕತೆಯೇ ಇಲ್ಲದ ಬೇರೊಂದು ಮಾರ್ಗವೂ ತೆರೆಯಿತು. ೧೮೮೪ರಲ್ಲಿ ಅಂಚೆ ಇಲಾಖೆಯು ತನ್ನ ನೌಕರರಿಗಾಗಿ ವಿಮೆಯನ್ನು ಆರಂಭಿಸಿತು. ೧೮೯೧ರಲ್ಲಿ ಮೈಸೂರು ಸಂಸ್ಥಾನವು ತನ್ನ ನೌಕರರಿಗೆ ವಿಮಾ ಯೋಜನೆಯನ್ನು ಏರ್ಪಡಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಇದೇ. ಸಂಬಳದಿಂದಲೇ ಕಂತನ್ನು ಮುರಿದುಕೊಳ್ಳುವ ವ್ಯವಸ್ಥೆಯಲ್ಲಿ ವಾಯಿದೆಯನ್ನು ನೆನಪಿಸುವ ಕೆಲಸವೂ ವಸೂಲಿಯ ಕೆಲಸವೂ ಸಂಬಳದ ಪಟ್ಟಿಯಲ್ಲಿಯೇ ಅಡಗಿಹೋಗುತ್ತವೆ. ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲದ ವ್ಯಾಪಾರಿ, ರೈತ, ವಕೀಲ ಇವರ ವಿಷಯದಲ್ಲಿ ಆ ಎರಡು ಕೆಲಸಗಳನ್ನೂ ಯಾರಾದರೂ ಮಾಡಲೇಬೇಕಾಗಿತ್ತು. ಆ ಹೊರೆ ಏಜೆಂಟನ ಹೆಗಲಿಗೆ ಬಂದಿತು.

೧೯೩೮ರ ವಿಮಾ ಶಾಸನವು ಏಜೆಂಟನಿಗೆ ಲೈಸೆನ್ಸನ್ನು ವಿಧಿಸಿತು. ತನ್ನ ಕಮಿಷನ್ನಿನಲ್ಲಿ ಗಿರಾಕಿಗೆ ಪಾಲು ಕೊಡುವುದನ್ನು ನಿಷೇಧಿಸಿತು. ೧೯೫೦ರ ತಿದ್ದುಪಡಿಯು ಕಮಿಷನ್ನಿಗೆ ಮೇಲ್ಮಿತಿಯನ್ನು ಹಾಕಿತು. ಜೀವವಿಮೆಯಲ್ಲಿ ಈ ಮಿತಿಯು ಸಾಮಾನ್ಯವಾಗಿ ಮೊದಲನೆಯ ವರ್ಷದ ಕಂತಿನ ಮೇಲೆ ಶೇಕಡಾ ೩೫, ಎರಡನೆಯ ಮತ್ತು ಮೂರನೆಯ ವರ್ಷಗಳಲ್ಲಿ ಶೇಕಡಾ ೭½, ಅನಂತರ ಶೇಕಡಾ ೫. ಈ ದರಗಳ ಪರಿಣಾಮವನ್ನು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ವರ್ಷಕ್ಕೆ ೧೦೦ ರೂಪಾಯಿ ಕಂತಿನ, ೨೦ ವರ್ಷಗಳ ಪಾಲಿಸಿಯೊಂದನ್ನು ತೆಗೆದುಕೊಳ್ಳೋಣ. ಗರಿಷ್ಠ ದರದಲ್ಲಿ ಏಜೆಂಟನಿಗೆ ಮೊದಲ ವರ್ಷ ೩೫ ರೂಪಾಯಿ. ಮುಂದಿನ ಎರಡು ವರ್ಷಗಳಲ್ಲಿ ಒಟ್ಟು ೧೫. ಉಳಿದ ೧೭ ವರ್ಷಗಳಲ್ಲಿ ೮೫. ಒಟ್ಟು ೧೩೫ ರೂಪಾಯಿಗಳಲ್ಲಿ ೧೦೦ ರೂಪಾಯಿ ದೊರೆಯುವುದು ಪಾಲಿಸಿ ಜೀವಂತವಾಗಿ ಉಳಿದರೆ ಮಾತ್ರ. ಹೀಗೆ ಆದಾಯದ ಹೆಚ್ಚಿನ ಭಾಗವು ವಾಯಿದೆಯನ್ನು ನೆನಪಿಸುವ, ವಿಳಾಸವನ್ನು ತಿದ್ದಿಸುವ, ಬಿದ್ದುಹೋದ ಪಾಲಿಸಿಯನ್ನು ಎತ್ತಿ ನಿಲ್ಲಿಸುವ ಕೆಲಸವನ್ನು ಅವಲಂಬಿಸಿದೆ. ಆದರೆ ಆ ೩೫ ರೂಪಾಯಿ ಇಂದೇ ಕೈಗೆ ಬರುತ್ತದೆ. ಈ ೧೦೦ ರೂಪಾಯಿ ಹತ್ತೊಂಬತ್ತು ವರ್ಷಗಳಲ್ಲಿ ಚೂರುಚೂರಾಗಿ ಬರುತ್ತದೆ. ಅಂದಂದಿನ ಅನ್ನವನ್ನು ಅಂದಂದೇ ಸಂಪಾದಿಸಬೇಕಾದವನು ಸಂಚಾರವನ್ನೇ ಆರಿಸಿಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ವರ್ಷಕ್ಕೆ ಇಂತಿಷ್ಟು ಹೊಸ ಜೀವಗಳನ್ನು ತರದಿದ್ದರೆ ಏಜೆನ್ಸಿಯೇ ತಪ್ಪುವುದೆಂಬ ನಿಯಮವೂ ಅವನನ್ನು ಅದೇ ದಿಕ್ಕಿಗೆ ತಳ್ಳಿತು. ಮಾರ್ಚ್ ತಿಂಗಳ ನೂಕುನುಗ್ಗಲು ಇದರ ಫಲ.

ಬರವಣಿಗೆಯ ಕೆಲಸವಾದರೂ ಅಲ್ಪವೇನಲ್ಲ. ಪ್ರಸ್ತಾವನಾ ಪತ್ರ, ವಯಸ್ಸಿನ ದಾಖಲೆ, ವೈದ್ಯರ ವರದಿ, ಏಜೆಂಟನ ಗೋಪ್ಯ ವರದಿ ಇವೆಲ್ಲ ಆರಂಭದ ಕಾಗದಗಳು. ಶಾಲೆಯ ಸರ್ಟಿಫಿಕೇಟು ಇಲ್ಲದ ಕಡೆ ಜಾತಕವನ್ನು ವಯಸ್ಸಿಗೆ ಆಧಾರವಾಗಿ ಒಪ್ಪುತ್ತಿದ್ದುದುಂಟು. ನಾಮನಿರ್ದೇಶನ, ಸಾಲ, ಪುನರುಜ್ಜೀವನ, ಕಡೆಗೆ ಮರಣದ ಕ್ಲೇಮು ಇವು ಮುಂದಿನವು. ಇವುಗಳಲ್ಲಿ ಯಾವುದಕ್ಕೂ ಪ್ರತ್ಯೇಕವಾದ ಪ್ರತಿಫಲವಿಲ್ಲ.

ಈ ಹೊರೆಯನ್ನು ಹೊರುವವರು ಯಾರೆಂಬುದು ಕಾಲಕಾಲಕ್ಕೆ ಬದಲಾಗಿದೆ. ಖಾಸಗಿ ಕಂಪನಿಗಳ ಕಾಲದಲ್ಲಿ ಕಛೇರಿಗೂ ಏಜೆಂಟನಿಗೂ ನಡುವೆ ಚೀಫ್ ಏಜೆಂಟ್, ಸ್ಪೆಷಲ್ ಏಜೆಂಟ್ ಎಂಬ ಮಧ್ಯವರ್ತಿಗಳಿದ್ದರು. ೧೯೫೬ರ ಜನವರಿ ೧೯ರಂದು ಹೊರಟ ಆಜ್ಞೆಯ ಮೂಲಕ ಜೀವವಿಮೆಯ ಆಡಳಿತವನ್ನು ಸರ್ಕಾರವು ವಹಿಸಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್ ೧ರಂದು ೨೪೫ ಸಂಸ್ಥೆಗಳ ವ್ಯವಹಾರವು ಜೀವವಿಮಾ ನಿಗಮದಲ್ಲಿ ಒಂದಾಯಿತು. ನಿಗಮದ ಶಾಸನವು ಚೀಫ್ ಏಜೆಂಟರ ಮತ್ತು ಸ್ಪೆಷಲ್ ಏಜೆಂಟರ ಒಪ್ಪಂದಗಳನ್ನು ಕೊನೆಗಾಣಿಸಿತು. ಮಧ್ಯವರ್ತಿಯು ಹೋದನು, ಆದರೆ ಕಛೇರಿಯ ದೂರ ಹೋಗಲಿಲ್ಲ. ಆರಂಭದಲ್ಲಿ ನಿಗಮಕ್ಕೆ ೩೩ ವಿಭಾಗೀಯ ಕಛೇರಿಗಳೂ ೨೧೨ ಶಾಖೆಗಳೂ ಇದ್ದವು. ಪಾಲಿಸಿಯ ಸೇವೆಗೆ ಸಂಬಂಧಿಸಿದ ಕೆಲಸವು ಶಾಖೆಯ ಕೈಯಲ್ಲಿರಲಿಲ್ಲ. ೧೯೬೪ರಲ್ಲಿ ಗಣಕಯಂತ್ರಗಳು ಬಂದುವಾದರೂ ತಾಲ್ಲೂಕಿನ ಏಜೆಂಟನ ದಾರಿ ಅದರಿಂದ ಕಡಿಮೆಯಾಗಲಿಲ್ಲ. ೧೯೮೦ರ ದಶಕದ ಮೊದಲಲ್ಲಿ ನಡೆದ ಪುನರ್ವ್ಯವಸ್ಥೆಯು ಹೊಸ ಶಾಖೆಗಳನ್ನು ತೆರೆದು, ಸೇವೆಯ ಕೆಲಸವನ್ನೂ ಲೆಕ್ಕವನ್ನೂ ಶಾಖೆಗಳಿಗೇ ವಹಿಸಿತು.

ಈ ಬದಲಾವಣೆಯ ಹಿಂದುಮುಂದಿನ ಅಂಕಿಗಳು ಗಮನಾರ್ಹವಾಗಿವೆ. ೧೯೫೭ರಲ್ಲಿ ಸುಮಾರು ೨೦೦ ಕೋಟಿ ರೂಪಾಯಿಗಳಷ್ಟಿದ್ದ ಹೊಸ ವ್ಯವಹಾರವು ೧,೦೦೦ ಕೋಟಿಯನ್ನು ದಾಟಿದುದು ೧೯೬೯–೭೦ರಲ್ಲಿ. ೨,೦೦೦ ಕೋಟಿಯನ್ನು ದಾಟಲು ಮತ್ತೆ ಹತ್ತು ವರ್ಷ ಹಿಡಿಯಿತು. ೧೯೮೫–೮೬ರ ವೇಳೆಗಾದರೋ ಅದು ೭,೦೦೦ ಕೋಟಿಯನ್ನು ಮೀರಿತ್ತು. ಬೆಲೆಗಳ ಏರಿಕೆ ಮೊದಲಾದ ಕಾರಣಗಳನ್ನು ನಾವು ಇಲ್ಲಿ ಮರೆಯತಕ್ಕದ್ದಲ್ಲ. ಆದರೂ ಮೇಜು ಹತ್ತಿರ ಬಂದಾಗ ಸಂಚಾರಕ್ಕೆ ಕಾಲ ಒದಗಿತೆಂದು ಊಹಿಸುವುದು ಅಸಂಗತವಾಗಲಾರದು.

ಇನ್ನು ಮೂರನೆಯ ಸಂಗತಿ. ಏಜೆಂಟನು ಕಂತಿನ ಹಣವನ್ನು ತೆಗೆದುಕೊಂಡು ಹೋಗಿ ಕಟ್ಟುವುದು ನಮ್ಮ ಊರುಗಳಲ್ಲಿ ರೂಢಿಯಾಗಿದ್ದ ಉಪಕಾರ. ಆದರೆ ೧೯೭೨ರ ಏಜೆಂಟರ ನಿಯಮಗಳು ನಿಗಮದ ಪರವಾಗಿ ಹಣ ಸ್ವೀಕರಿಸುವ ಅಧಿಕಾರವನ್ನು ಅವನಿಗೆ ಕೊಟ್ಟಿರಲಿಲ್ಲ. ಇದರ ಪರಿಣಾಮವು ೧೯೯೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಒಂದು ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ೧೯೮೭ರ ಮಾರ್ಚಿಯಲ್ಲಿ ಸಲ್ಲಬೇಕಾಗಿದ್ದ ಅರ್ಧವಾರ್ಷಿಕ ಕಂತಿಗಾಗಿ ಪಾಲಿಸಿದಾರನು ಜೂನ್ ತಿಂಗಳಲ್ಲಿ ಏಜೆಂಟನಿಗೆ ಚೆಕ್ ಕೊಟ್ಟನು. ಆಗಸ್ಟ್ ೯ರಂದು ಪಾಲಿಸಿದಾರನು ಅಪಘಾತದಲ್ಲಿ ತೀರಿಕೊಂಡನು. ಹಣವು ಕಛೇರಿಗೆ ಸಂದಾಯವಾದುದು ಆಗಸ್ಟ್ ೧೦ರಂದು. ಏಜೆಂಟನಿಗೆ ಕೊಟ್ಟ ಹಣ ನಿಗಮಕ್ಕೆ ಕೊಟ್ಟ ಹಣವಾಗಲಾರದೆಂದು ನ್ಯಾಯಾಲಯವು ತೀರ್ಪಿತ್ತಿತು. ರಿಯಾಯಿತಿಯ ಅವಧಿ ಮೊದಲೇ ಕಳೆದಿತ್ತೆಂಬುದು ನಿಜ. ಆದರೂ ತಡಮಾಡಿ ಮಾಡಿದ ಕಛೇರಿಯ ಕೆಲಸದ ನಷ್ಟವು ಕೊನೆಗೆ ಯಾರ ಮನೆಗೆ ತಟ್ಟುವುದೆಂಬುದನ್ನು ಇದಕ್ಕಿಂತ ಕಠೋರವಾಗಿ ತೋರಿಸುವ ದೃಷ್ಟಾಂತ ಬೇರೆ ಬೇಕಿಲ್ಲ.

ಎರಡು ವರ್ಷಗಳ ತರುವಾಯ, ೧೯೯೯ರಲ್ಲಿ, ಸಂಬಳದಿಂದ ಕಂತು ಹಿಡಿಯುವ ಯೋಜನೆಗೆ ಸೇರಿದ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯವು ಉದ್ಯೋಗದಾತ ಸಂಸ್ಥೆಯನ್ನು ಹಣ ಸ್ವೀಕರಿಸುವ ಮಟ್ಟಿಗೆ ನಿಗಮದ ಪ್ರತಿನಿಧಿಯೆಂದೇ ಎಣಿಸಿತು. ಸಂಬಳದ ಪಟ್ಟಿಯಲ್ಲಿದ್ದವನಿಗೆ ದೊರೆತ ರಕ್ಷಣೆ ಏಜೆಂಟನನ್ನು ನಂಬಿದವನಿಗೆ ದೊರೆಯಲಿಲ್ಲ. ೧೮೯೧ರ ಕಾಲಕ್ಕೇ ತೋರಿದ್ದ ಎರಡು ಮಾರ್ಗಗಳ ಭೇದವು ಶತಮಾನದ ಅನಂತರವೂ ಉಳಿದುಕೊಂಡಿತು. ಮುಂದೆ ನಿಗಮವು ಆಯ್ದ ಏಜೆಂಟರಿಗೆ ಕಂತು ಸ್ವೀಕರಿಸುವ ಅಧಿಕಾರವನ್ನು ಕೊಟ್ಟುದು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿದೆ.

೧೯೯೯ರ ಶಾಸನದಿಂದ ಖಾಸಗಿ ಕಂಪನಿಗಳಿಗೆ ಮತ್ತೆ ಬಾಗಿಲು ತೆರೆಯಿತು. ೨೦೧೫ರ ತಿದ್ದುಪಡಿಯು ಕಮಿಷನ್ನಿನ ಮಿತಿಯನ್ನು ಮೂಲಶಾಸನದಿಂದ ತೆಗೆದು ನಿಯಂತ್ರಣ ಪ್ರಾಧಿಕಾರದ ವಿವೇಚನೆಗೆ ಬಿಟ್ಟಿತು. ೨೦೨೦ರಲ್ಲಿ ನಿಗಮವು 'ಆನಂದ' ಎಂಬ ವಿದ್ಯುನ್ಮಾನ ಸಾಧನದ ಮೂಲಕ ಕಾಗದವಿಲ್ಲದೆ ಪ್ರಸ್ತಾವನೆ ಸಲ್ಲಿಸುವ ಅನುಕೂಲವನ್ನು ಕಲ್ಪಿಸಿತು. ಮೇಜು ಈಗ ಏಜೆಂಟನ ಅಂಗೈಗೇ ಬಂದಿದೆ. ದಾರಿಯ ಶ್ರಮ ಇದರಿಂದ ಉಳಿಯಿತು. ಆದರೆ ಹಿಂದೆ ಗುಮಾಸ್ತನು ಮಾಡುತ್ತಿದ್ದ ದಾಖಲೆಯ ಕೆಲಸದ ಒಂದು ಭಾಗ ಏಜೆಂಟನಿಗೆ ವರ್ಗವಾಯಿತೆಂಬುದನ್ನೂ ಹೇಳಬೇಕು.

ಮೇಲಿನ ಅವಲೋಕನದಿಂದ ನಾವು ತಲಪುವ ನಿರ್ಣಯ ಇಷ್ಟು. ವೇಳಾಪಟ್ಟಿಯನ್ನು ಹಾಕಿಕೊಳ್ಳಿರೆಂದು ಏಜೆಂಟನಿಗೆ ಉಪದೇಶಿಸುವುದು ಸುಲಭ. ಆದರೆ ಪ್ರತಿಫಲವೆಲ್ಲ ಸಂಚಾರದ ಕಡೆಗೂ ಹೊಣೆಯೆಲ್ಲ ಕಾಗದದ ಕಡೆಗೂ ವಾಲಿರುವಲ್ಲಿ ಆ ಉಪದೇಶ ಹೆಚ್ಚು ದಿನ ನಿಲ್ಲಲಾರದು. ಪಾಲಿಸಿಯನ್ನು ಮಾರಿದ ದಿನಕ್ಕೆ ಸಲ್ಲುವ ಬೆಲೆಯಲ್ಲಿ ಒಂದು ಪಾಲಾದರೂ ಅದನ್ನು ಕಾಪಾಡಿದ ದಿನಕ್ಕೆ ಸಂದಾಗ ಮಾತ್ರ ಏಜೆಂಟನ ದಿನವು ಸಮತೂಕಕ್ಕೆ ಬಂದೀತು. ವಿಧವೆಯ ಕೈಗೆ ಸಕಾಲದಲ್ಲಿ ಹಣ ಮುಟ್ಟುವುದು ವಿಮೆಯ ಉದ್ದೇಶವಾದುದರಿಂದ, ಈ ಸಮತೂಕವು ಏಜೆಂಟನ ಸಂಸಾರಕ್ಕಿಂತ ಪಾಲಿಸಿದಾರನ ಸಂಸಾರಕ್ಕೇ ಹೆಚ್ಚು ಅವಶ್ಯಕವಾದುದು.