ಬಿಲ್ಲು ತಯಾರಿಕೆಗೆ ಸೂಕ್ತವಾದ ಬಿದಿರು ಮತ್ತು ಮರದ ಆಯ್ಕೆ

ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮೈ, ಅಂದರೆ ಬೆನ್ನು, ಹಿಗ್ಗುತ್ತದೆ. ಬಿಲ್ಲುಗಾರನ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಈ ಎರಡನ್ನೂ ಏಕಕಾಲದಲ್ಲಿ ತಾಳಿಕೊಂಡು, ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುವ ಮರ ಮಾತ್ರ ಬಿಲ್ಲಿಗೆ ಯೋಗ್ಯ. ಗಡಸುತನವೊಂದೇ ಅರ್ಹತೆಯಲ್ಲ. ಯೂರೋಪಿನ ಯೂ, ಉತ್ತರ ಅಮೆರಿಕದ ಓಸೇಜ್ ಆರೆಂಜ್ ಮರಗಳು ಈ ಗುಣಕ್ಕೆ ಪ್ರಸಿದ್ಧವಾಗಿವೆ. ಆದರೆ ನಮ್ಮ ರೈತರು ಅವನ್ನು ಹುಡುಕಿ ಹೋಗಬೇಕಾಗಿಲ್ಲ.

ಮೊದಲ ಬಿಲ್ಲಿಗೆ ಬಿದಿರನ್ನೇ ಆರಿಸಿಕೊಳ್ಳಿರಿ. ಬಿದಿರಿನ ನಾರು ಹೊರಸಿಪ್ಪೆಯ ಬಳಿ ಅತ್ಯಂತ ದಟ್ಟವಾಗಿದ್ದು, ಒಳಕ್ಕೆ ಹೋದಂತೆ ವಿರಳವಾಗುತ್ತದೆ. ಎಳೆತ ಹೆಚ್ಚಿರುವ ಬೆನ್ನಿಗೆ ಬೇಕಾದುದು ಇಂತಹ ರಚನೆಯೇ. ಆದುದರಿಂದ ಸಿಪ್ಪೆಯ ಮೈಯನ್ನು ಬೆನ್ನಾಗಿರಿಸಿ, ಹೆರೆಯುವುದನ್ನೆಲ್ಲ ಒಳಮೈಯಿಂದಲೇ ಹೆರೆಯಬೇಕು. ಹೆಬ್ಬಿದಿರಿನ ಬುಡಭಾಗದಿಂದ ಅಗಲವಾದ ಪಟ್ಟಿ ದೊರೆಯುತ್ತದೆ. ಹೆಚ್ಚುಕಡಿಮೆ ಗಟ್ಟಿಯಾಗಿರುವ ಕಿರುಬಿದಿರು ಮಕ್ಕಳ ಬಿಲ್ಲಿಗೆ ಸಾಕು. ಮೂರು ವರ್ಷ ತುಂಬಿದ ಗಳವನ್ನು ಮಳೆಗಾಲ ಮುಗಿದ ಮೇಲೆ ಕಡಿಯಿರಿ. ಕಳಲೆ ಮೂಡುವ ಕಾಲದಲ್ಲಿ ಕಡಿಯಬಾರದು. ಪಿಷ್ಟ ಹೆಚ್ಚಿರುವ ಗಳಕ್ಕೆ ಪುಡಿಹುಳು ಬೇಗ ತಗಲುತ್ತದೆ. ಕೆಲವು ವಾರ ನೀರಿನಲ್ಲಿ ನೆನೆಯಿಟ್ಟರೆ ಪಿಷ್ಟ ಬಹುಮಟ್ಟಿಗೆ ಕರಗಿ ಹೋಗುತ್ತದೆ. ಮಧ್ಯಭಾರತದ ಭಿಲ್ಲರ ಬಿಲ್ಲು ಬಿದಿರಿನದೇ. ಅವರ ಹೆಸರು ದ್ರಾವಿಡ ಭಾಷೆಗಳ ‘ಬಿಲ್ಲು’ ಶಬ್ದದಿಂದ ಬಂದುದೆಂಬ ಅಭಿಪ್ರಾಯವೂ ಉಂಟು.

ಮರಗಳಲ್ಲಿ ದಡಸಲು ಉತ್ತಮವಾದುದು. ಇದರ ಎಳೆ ನೇರ, ಮರ ಜಿಗುಟು. ಉಪಕರಣಗಳ ಹಿಡಿಗೂ ಹೊರೆ ಹೊರುವ ಅಡ್ಡೆಗೂ ಇದು ಬಳಕೆಯಾಗಿರುವುದು ಇದೇ ಕಾರಣಕ್ಕೆ. ಮರವಾಗಿ ಬೆಳೆಸಿದ ಹಿಪ್ಪುನೇರಳೆಯೂ ಒಳ್ಳೆಯದು. ಓಸೇಜ್ ಆರೆಂಜ್ ಇದರ ಕುಟುಂಬಕ್ಕೇ ಸೇರಿದೆ. ರೇಷ್ಮೆ ಬೆಳೆಗಾರರು ಹಳೆಯ ಮರ ತೆಗೆಯುವಾಗ ನೇರ ಕಾಂಡಗಳನ್ನು ಸೌದೆಗೆ ಹಾಕದಿರುವುದು ಲೇಸು. ಕರಿಜಾಲಿ ಬಲಿಷ್ಠವಾದರೂ ಗಂಟಿಲ್ಲದ ಐದಡಿ ತುಂಡು ಸಿಗುವುದು ಅಪರೂಪ. ನೀಲಗಿರಿಯ ಎಳೆ ತಿರುಚಿಕೊಂಡಿರುತ್ತದೆ, ಒಣಗುವಾಗ ಸೀಳುತ್ತದೆ. ಸಿಲ್ವರ್ ಓಕ್ ದುರ್ಬಲ. ಇವೆರಡನ್ನೂ ಬಿಡಿರಿ.

ಜಾತಿಗಿಂತಲೂ ಎಳೆಯ ನೇರ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಗರಗಸದಿಂದ ಕೊಯ್ದ ಹಲಗೆಯಲ್ಲಿ ಎಳೆ ಅಂಚಿಗೆ ಓಡಿ ಕಡಿದುಹೋಗಿರಬಹುದು; ಬಿಲ್ಲು ಮುರಿಯುವುದು ಸಾಮಾನ್ಯವಾಗಿ ಅಲ್ಲಿಯೇ. ಕಾಂಡವನ್ನು ಬೆಣೆ ಹೊಡೆದು ಸೀಳಿದರೆ ಎಳೆ ತನ್ನ ದಾರಿಯನ್ನು ತಾನೇ ತೋರಿಸುತ್ತದೆ. ತೊಗಟೆ ಸುಲಿದ ಮೇಲೆ ಕಾಣುವ ಮೈಯನ್ನು ಬೆನ್ನಾಗಿ ಉಳಿಸಿಕೊಂಡು, ಅದರ ಮೇಲೆ ಉಳಿಯ ಗಾಯವೂ ಆಗದಂತೆ ನೋಡಿಕೊಳ್ಳಿರಿ.

ಸೀಳಿದ ತುಂಡಿನ ಎರಡೂ ತುದಿಗಳಿಗೆ ಬಣ್ಣ ಅಥವಾ ಮೇಣ ಬಳಿದು ನೆರಳಿನಲ್ಲಿ ಒಣಗಿಸಬೇಕು. ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಕೆಲಸ ಆರಂಭಿಸಿರಿ. ಹಸಿಮರದ ಬಿಲ್ಲು ಬಾಗಿದಂತೆಯೇ ಉಳಿದುಬಿಡುತ್ತದೆ. ಅತಿಯಾಗಿ ಒಣಗಿದ್ದು ಸಿಡಿಯುತ್ತದೆ. ತೇವಾಂಶ ಶೇ. 8ರಿಂದ 12 ಇರುವುದು ಸೂಕ್ತ.

26 ಅಂಗುಲ ಎಳೆಯುವವರಿಗೆ ಬಿಲ್ಲು ಐದೂವರೆ ಅಡಿಗಿಂತ ಕಡಿಮೆ ಇರಬಾರದು. ದಪ್ಪವನ್ನು ಇಮ್ಮಡಿಸಿದರೆ ಬಿಗುಪು ಎಂಟು ಪಟ್ಟಾಗುತ್ತದೆ, ಅಗಲವನ್ನು ಇಮ್ಮಡಿಸಿದರೆ ಎರಡು ಪಟ್ಟು ಮಾತ್ರ. ಆದುದರಿಂದ ದಪ್ಪವನ್ನು ಸ್ವಲ್ಪಸ್ವಲ್ಪವಾಗಿಯೇ ಹೆರೆಯಿರಿ.

ಮುರಿದ ಬಿಲ್ಲಿನ ತುಂಡು ಕಣ್ಣಿಗೆ ಬಡಿಯಬಲ್ಲದು. ಮೊದಲ ಪರೀಕ್ಷೆಯಲ್ಲಿ ಬಿಲ್ಲನ್ನು ಕೈಯಲ್ಲಿ ಹಿಡಿಯದೆ ಗೂಟಕ್ಕೆ ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ ರಾಟೆಯ ಮೂಲಕ ದೂರದಿಂದ ಎಳೆಯಿರಿ. ಎರಡೂ ತೋಳುಗಳು ಸಮನಾಗಿ ಬಾಗುತ್ತಿವೆಯೇ ಎಂದು ಗಮನಿಸಿರಿ. ಬಾಣವಿಲ್ಲದೆ ಹೆದೆ ಬಿಡಬಾರದೆಂದು ಮಕ್ಕಳಿಗೆ ಮೊದಲ ದಿನವೇ ಕಲಿಸಿರಿ. ಬಾಣ ಒಯ್ಯಬೇಕಾದ ಶಕ್ತಿ ಆಗ ಮರಕ್ಕೇ ಹಿಂದಿರುಗುತ್ತದೆ. ಕೂದಲೆಳೆಯಷ್ಟು ಬಿರುಕು ಕಂಡ ಬಿಲ್ಲನ್ನು ಅಂಟು ಹಾಕಿ ಮತ್ತೆ ಬಳಸಬೇಡಿರಿ.

ಅರಣ್ಯದಿಂದ ಮರ, ಬಿದಿರು ಕಡಿಯುವಂತಿಲ್ಲ. ಅರಣ್ಯೇತರ ಜಮೀನಿನಲ್ಲಿ ಬೆಳೆದ ಬಿದಿರನ್ನು ಭಾರತೀಯ ಅರಣ್ಯ ಕಾಯಿದೆಯ ‘ಮರ’ ಎಂಬ ವ್ಯಾಖ್ಯೆಯಿಂದ 2017ರಲ್ಲಿ ಕೈಬಿಡಲಾಗಿದೆ. ಆದರೆ ಸ್ವಂತ ಜಮೀನಿನ ಮರ ಕಡಿಯುವ ಮೊದಲು ವಲಯ ಅರಣ್ಯಾಧಿಕಾರಿಗಳನ್ನು ವಿಚಾರಿಸಬೇಕು. ಬೆಳೆ ಹಾಳುಮಾಡುವ ನವಿಲು, ಕಾಡುಹಂದಿಗಳ ಮೇಲೆ ಅನುಮತಿಯಿಲ್ಲದೆ ಬಾಣ ಹೂಡುವುದು ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರನ್ವಯ ಅಪರಾಧ.