ಸಣ್ಣ ಎಂಜಿನ್ ದುರಸ್ತಿ ಅಂಗಡಿಗಳು ಮತ್ತು ಬಿಡಿಭಾಗ ಸರಬರಾಜುದಾರರು: ಉದ್ದಿಮೆದಾರರಿಗೆ ಮಾಹಿತಿ

1. ಪೀಠಿಕೆ

2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಯನ್ನು 2025ರ ಮೇ ತಿಂಗಳಿನಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲಾಗಿದ್ದು, ರಾಮನಗರವೇ ಜಿಲ್ಲಾ ಕೇಂದ್ರವಾಗಿ ಮುಂದುವರಿದಿದೆ. ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಭಾಗಗಳಲ್ಲಿ ಹಿಪ್ಪುನೇರಳೆ, ರಾಗಿ, ತೆಂಗು ಮತ್ತು ಮಾವಿನ ಬೇಸಾಯವು ಹಾಗೂ ರೇಷ್ಮೆ ನೂಲು ಬಿಚ್ಚಾಣಿಕೆಯು ಅನೇಕ ಕುಟುಂಬಗಳ ಜೀವನಾಧಾರವಾಗಿದೆ. ಪಂಪ್‌ಸೆಟ್, ಪವರ್ ಟಿಲ್ಲರ್, ಔಷಧಿ ಸಿಂಪಡಿಸುವ ಯಂತ್ರ, ಕಳೆ ಕೊಚ್ಚುವ ಯಂತ್ರ ಮತ್ತು ಜನರೇಟರ್‌ಗಳನ್ನು ದುರಸ್ತಿ ಮಾಡುವ ಸಣ್ಣ ಅಂಗಡಿಗಳು ಈ ಕುಟುಂಬಗಳ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತವೆ.

ಇಂತಹ ಅಂಗಡಿಗಳಿಗೆ ಬೇಕಾದ ಬಿಡಿಭಾಗಗಳು ಸ್ಥಳೀಯ ಡೀಲರುಗಳಿಂದ, ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯ ಮುಂತಾದ ಕಡೆಗಳ ವರ್ತಕರಿಂದ ಅಥವಾ ಆನ್‌ಲೈನ್ ಮಾರಾಟಗಾರರಿಂದ ಬರುತ್ತವೆ. ಅಳವಡಿಸಿದ ಭಾಗವು ಕೆಟ್ಟರೆ ರೈತರು ಮೊದಲು ಕೇಳುವುದು ದುರಸ್ತಿ ಮಾಡಿದವರನ್ನೇ ಹೊರತು ಬಿಡಿಭಾಗ ಮಾರಿದವರನ್ನಲ್ಲ. ಕಾನೂನಿನ ದೃಷ್ಟಿಯಿಂದಲೂ ಗಿರಾಕಿಗೆ ಅಂಗಡಿಯ ಮೇಲಿರುವ ಹಕ್ಕು ಒಂದು ಬಗೆಯದು, ಅಂಗಡಿಗೆ ಸರಬರಾಜುದಾರರ ಮೇಲಿರುವ ಹಕ್ಕು ಇನ್ನೊಂದು ಬಗೆಯದು. ಇವೆರಡರ ನಡುವಿನ ಅಂತರವನ್ನು ಲಿಖಿತ ದಾಖಲೆಯಿಂದ ತುಂಬಿಕೊಳ್ಳದಿದ್ದಲ್ಲಿ ನಷ್ಟವು ಅಂಗಡಿ ಮಾಲೀಕರ ಪಾಲಿಗೆ ಉಳಿಯುತ್ತದೆ. ಆದುದರಿಂದ ಈ ಕೆಳಕಂಡ ಮಾಹಿತಿಯನ್ನು ಉದ್ದಿಮೆದಾರರ ಅನುಕೂಲಕ್ಕಾಗಿ ನೀಡಲಾಗಿದೆ.

2. ಬೇಡಿಕೆ ಸಲ್ಲಿಸುವ ಮುನ್ನ

ಅ) ಎಂಜಿನ್ನಿನ ಮೇಲಿರುವ ಫಲಕದಿಂದ ತಯಾರಕರ ಹೆಸರು, ಮಾದರಿ ಮತ್ತು ಎಂಜಿನ್ ಕ್ರಮ ಸಂಖ್ಯೆಯನ್ನು ಬರೆದುಕೊಳ್ಳತಕ್ಕದ್ದು. ಒಂದೇ ಮಾದರಿಯ ಹೆಸರಿನಲ್ಲಿ ಬೇರೆ ಬೇರೆ ವರ್ಷಗಳಲ್ಲಿ ತಯಾರಾದ ಎಂಜಿನ್‌ಗಳ ಬಿಡಿಭಾಗಗಳು ಒಂದಕ್ಕೊಂದು ಹೊಂದದಿರಬಹುದು.

ಆ) ತಯಾರಕರ ಬಿಡಿಭಾಗ ಪಟ್ಟಿಯಲ್ಲಿರುವ ಪಾರ್ಟ್ ನಂಬರನ್ನು ಬೇಡಿಕೆಯಲ್ಲಿ ನಮೂದಿಸುವುದು. ನಂಬರ್ ದೊರೆಯದಿದ್ದಲ್ಲಿ ಹಳೆಯ ಭಾಗದ ಅಳತೆ ಮತ್ತು ಭಾವಚಿತ್ರವನ್ನು ಕಳುಹಿಸುವುದು.

ಇ) ಪಿಸ್ಟನ್ ಮತ್ತು ರಿಂಗ್ ಸೆಟ್ ತರಿಸುವಾಗ ಮೂಲ ಅಳತೆಯೇ ಅಥವಾ ಓವರ್‌ಸೈಜೇ ಎಂಬುದನ್ನು ಸ್ಪಷ್ಟಪಡಿಸುವುದು. ಸಿಲಿಂಡರ್ ಬೋರ್ ಮಾಡಿಸುವುದಿದ್ದಲ್ಲಿ ಪಿಸ್ಟನ್ ಕೈಗೆ ಬಂದು ಅದರ ಅಳತೆ ನೋಡಿದ ನಂತರವೇ ಬೋರ್ ಮಾಡಿಸುವುದು ಸೂಕ್ತ. ಮೊದಲೇ ಬೋರ್ ಮಾಡಿಸಿ, ಆ ಅಳತೆಯ ಪಿಸ್ಟನ್ ದೊರೆಯದಿದ್ದಲ್ಲಿ ಲೇತ್ ಕೆಲಸದ ಖರ್ಚು ವ್ಯರ್ಥವಾಗುತ್ತದೆ.

ಈ) ಬೇಡಿಕೆಯನ್ನು ದೂರವಾಣಿಯಲ್ಲಿ ತಿಳಿಸಿದರೂ ಭಾಗದ ಹೆಸರು, ಪಾರ್ಟ್ ನಂಬರ್, ಸಂಖ್ಯೆ, ದರ ಮತ್ತು ತಲುಪಿಸಬೇಕಾದ ದಿನವನ್ನು ಮೊಬೈಲ್ ಸಂದೇಶದ ಮೂಲಕ ದೃಢಪಡಿಸಿಕೊಳ್ಳುವುದು. ಯಾವ ಎಂಜಿನ್ನಿಗೆ ಬೇಕೆಂಬುದನ್ನೂ ಅದರಲ್ಲಿ ತಿಳಿಸುವುದು. ಖರೀದಿದಾರರು ಉದ್ದೇಶವನ್ನು ತಿಳಿಸಿ ಮಾರಾಟಗಾರರ ಪರಿಣತಿಯನ್ನು ನಂಬಿ ಸರಕು ಪಡೆದಿದ್ದಲ್ಲಿ, ಆ ಸರಕು ಸದರಿ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಷರತ್ತನ್ನು ಸರಕು ಮಾರಾಟ ಅಧಿನಿಯಮ, 1930ರ 16ನೇ ಪ್ರಕರಣವು ಸಾಮಾನ್ಯವಾಗಿ ಅನ್ವಯಿಸುತ್ತದೆ.

3. ಬಿಲ್ಲು

ಪ್ರತಿ ಖರೀದಿಗೂ ಬಿಲ್ಲನ್ನು ಕೇಳಿ ಪಡೆಯತಕ್ಕದ್ದು. ಜಿಎಸ್‌ಟಿ ನೋಂದಾಯಿತ ವರ್ತಕರು ನೀಡುವ ತೆರಿಗೆ ಬಿಲ್ಲಿನಲ್ಲಿ ಈ ಕೆಳಕಂಡ ವಿವರಗಳಿರಬೇಕು.

- ಮಾರಾಟಗಾರರ ಹೆಸರು, ವಿಳಾಸ ಮತ್ತು 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ (ಕರ್ನಾಟಕದ ಸಂಖ್ಯೆಗಳು 29ರಿಂದ ಆರಂಭವಾಗುತ್ತವೆ)
- ಬಿಲ್ಲಿನ ಕ್ರಮ ಸಂಖ್ಯೆ ಮತ್ತು ದಿನಾಂಕ
- ಸರಕಿನ ವಿವರ, ಸಂಖ್ಯೆ, ಬೆಲೆ, ರಿಯಾಯಿತಿ
- ತೆರಿಗೆಯ ದರ ಮತ್ತು ಮೊತ್ತ

ಇವುಗಳ ಜೊತೆಗೆ ಪಾರ್ಟ್ ನಂಬರ್ ಮತ್ತು ತಯಾರಕರ ಹೆಸರನ್ನು ಬರೆಸಿಕೊಳ್ಳುವುದು ಅಂಗಡಿಯ ಹಿತದೃಷ್ಟಿಯಿಂದ ಅಗತ್ಯ. "ಸ್ಪೇರ್ ಪಾರ್ಟ್ಸ್" ಎಂದು ಮಾತ್ರ ಬರೆದ ಬಿಲ್ಲಿನಿಂದ ಯಾವ ಭಾಗವನ್ನು ಯಾರಿಂದ ಪಡೆಯಲಾಯಿತು ಎಂಬುದನ್ನು ನಂತರ ರುಜುವಾತುಪಡಿಸಲು ಸಾಧ್ಯವಾಗುವುದಿಲ್ಲ.

ದಿನಾಂಕ 22-09-2025ರಿಂದ ವಾಹನ ಹಾಗೂ ಎಂಜಿನ್ ಬಿಡಿಭಾಗಗಳ ಮೇಲಿದ್ದ ಶೇ. 28ರ ಜಿಎಸ್‌ಟಿ ದರವನ್ನು ಶೇ. 18ಕ್ಕೆ ಇಳಿಸಲಾಗಿದೆ. ಹಳೆಯ ದಾಸ್ತಾನು ಎಂಬ ಕಾರಣದಿಂದ ಹಳೆಯ ದರವನ್ನು ವಿಧಿಸಲು ಅವಕಾಶವಿರುವುದಿಲ್ಲ.

ದುರಸ್ತಿ ಅಂಗಡಿಯು ಸೇವೆಯನ್ನೂ ಬಿಡಿಭಾಗವನ್ನೂ ಒದಗಿಸುವುದರಿಂದ ವಾರ್ಷಿಕ ಒಟ್ಟು ವಹಿವಾಟು ರೂ. 20 ಲಕ್ಷ ಮೀರಿದಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯ. ರೂ. 40 ಲಕ್ಷದ ಮಿತಿಯು ಸರಕುಗಳನ್ನು ಮಾತ್ರ ಮಾರಾಟ ಮಾಡುವವರಿಗೆ ಸಂಬಂಧಿಸಿದ್ದು. ನೋಂದಣಿ ಇಲ್ಲದ ಅಂಗಡಿಯು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ನೋಂದಾಯಿತ ಅಂಗಡಿಯವರು ಹೂಡುವಳಿ ತೆರಿಗೆ ಜಮೆ ಪಡೆಯಬೇಕಾದಲ್ಲಿ, ಸರಬರಾಜುದಾರರು ತಮ್ಮ ವಿವರಪಟ್ಟಿಯಲ್ಲಿ ಆ ಬಿಲ್ಲನ್ನು ತೋರಿಸಿರುವುದನ್ನು ಪ್ರತಿ ತಿಂಗಳು ಪರಿಶೀಲಿಸತಕ್ಕದ್ದು. ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಸರಬರಾಜುದಾರರಿಗೆ ಹಣ ಪಾವತಿಸದಿದ್ದಲ್ಲಿ ಪಡೆದ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ.

4. ಸರಕು ಕೈಸೇರಿದಾಗ

ಪಾರ್ಸೆಲ್ ಬಸ್ಸಿನಲ್ಲಿ ಬರಲಿ, ಲಾರಿಯಲ್ಲಿ ಬರಲಿ, ಅದೇ ದಿನ ತೆರೆದು ನೋಡುವುದು. ಬಾಕ್ಸ್ ಒಡೆದಿದ್ದಲ್ಲಿ ಅಥವಾ ಸಂಖ್ಯೆ ಕಡಿಮೆ ಇದ್ದಲ್ಲಿ ಸಾಗಣೆದಾರರ ರಸೀದಿಯ ಮೇಲೆಯೇ ಅದನ್ನು ಬರೆದು ಸಹಿ ಮಾಡಿಸುವುದು. ಬೇರಿಂಗ್, ಆಯಿಲ್ ಸೀಲ್, ನಾಜಲ್, ಪಿಸ್ಟನ್ ಮುಂತಾದವುಗಳನ್ನು ಹಳೆಯ ಭಾಗದೊಂದಿಗೆ ಅಳತೆ ಮಾಡಿ ಹೋಲಿಸಿದ ಬಳಿಕವೇ ಅಳವಡಿಸುವುದು.

ಸರಕನ್ನು ಪರಿಶೀಲಿಸಲು ಸೂಕ್ತ ಅವಕಾಶ ದೊರೆಯುವವರೆಗೆ ಖರೀದಿದಾರರು ಅದನ್ನು ಒಪ್ಪಿಕೊಂಡಂತಾಗುವುದಿಲ್ಲ (1930ರ ಅಧಿನಿಯಮ, ಪ್ರಕರಣ 41). ಆದರೆ ತಿರಸ್ಕರಿಸುವುದಾಗಿ ತಿಳಿಸದೆ ಯುಕ್ತ ಕಾಲವನ್ನು ಮೀರಿ ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ ಆಗುತ್ತದೆ (ಪ್ರಕರಣ 42). ಆದ್ದರಿಂದ ದೋಷ ಕಂಡ ಕೂಡಲೇ ಭಾವಚಿತ್ರದೊಂದಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ತಿರಸ್ಕರಿಸಿದ ಸರಕನ್ನು ಹಿಂದಕ್ಕೆ ತಲುಪಿಸುವ ಹೊಣೆ ಖರೀದಿದಾರರದ್ದಲ್ಲ. ತಿರಸ್ಕರಿಸಿರುವುದಾಗಿ ತಿಳಿಸಿದರೆ ಸಾಕು (ಪ್ರಕರಣ 43). ವಾಪಸ್ಸು ಕಳುಹಿಸಿದ ಸರಕಿಗೆ ಕ್ರೆಡಿಟ್ ನೋಟ್ ಕೇಳಿ ಪಡೆಯುವುದು. "ಮುಂದಿನ ಲೆಕ್ಕದಲ್ಲಿ ಮುರಿದುಕೊಳ್ಳೋಣ" ಎಂಬ ಬಾಯಿಮಾತಿಗೆ ಬಿಡಬಾರದು.

5. ವಾಪಸಾತಿ ಅವಧಿಯಲ್ಲಿನ ಅಂತರ

ಈ ವಿಷಯವನ್ನು ಉದ್ದಿಮೆದಾರರು ವಿಶೇಷವಾಗಿ ಗಮನಿಸುವುದು.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಬಿಲ್ಲು ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದಲ್ಲಿ 30 ದಿನಗಳೊಳಗೆ, ವಾಪಸ್ಸು ಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ತನ್ನ ಸ್ವಂತ ಜೀವನೋಪಾಯಕ್ಕಾಗಿ ಪಂಪ್‌ಸೆಟ್ ಬಳಸುವ ರೈತರು ಈ ಅಧಿನಿಯಮದಡಿ ಗ್ರಾಹಕರು. ಆದರೆ ಮರುಮಾರಾಟಕ್ಕಾಗಿ ಬಿಡಿಭಾಗ ಖರೀದಿಸುವ ಅಂಗಡಿ ಮಾಲೀಕರು ಸರಬರಾಜುದಾರರ ವಿರುದ್ಧ ಗ್ರಾಹಕರಾಗುವುದಿಲ್ಲ.

ಉದಾಹರಣೆಗೆ: ಮಾಗಡಿಯ ಅಂಗಡಿಯೊಂದು ತರಿಸಿದ ಫ್ಯೂಯಲ್ ಪಂಪಿನ ಬಿಲ್ಲಿನಲ್ಲಿ "ವಾಪಸಾತಿ 7 ದಿನಗಳೊಳಗೆ ಮಾತ್ರ" ಎಂದು ಮುದ್ರಿಸಲಾಗಿದೆ ಎಂದಿಟ್ಟುಕೊಳ್ಳೋಣ. ಅಂಗಡಿಯವರು 5ನೇ ದಿನ ಅದನ್ನು ಅಳವಡಿಸಿ, ಅವಧಿ ನಮೂದಿಸದೆ ರೈತರಿಗೆ ಬಿಲ್ಲು ನೀಡುತ್ತಾರೆ. 20ನೇ ದಿನ ತಯಾರಿಕಾ ದೋಷದಿಂದ ಪಂಪು ನಿಲ್ಲುತ್ತದೆ. ರೈತರಿಗೆ ಅಂಗಡಿಯ ಮೇಲೆ ಹಕ್ಕು ಇನ್ನೂ ಇದೆ. ಅಂಗಡಿಗೆ ಸರಬರಾಜುದಾರರು ಒಪ್ಪಿದ ಅವಧಿ ಮುಗಿದಿದೆ.

ಪರಿಹಾರವೆಂದರೆ ಸರಬರಾಜುದಾರರೊಂದಿಗೆ ವ್ಯವಹಾರ ಆರಂಭಿಸುವಾಗಲೇ, ತಯಾರಿಕಾ ದೋಷವಿರುವ ಭಾಗವನ್ನು ಗಿರಾಕಿಗೆ ಅಳವಡಿಸಿದ ದಿನದಿಂದ ಕನಿಷ್ಠ 30 ದಿನಗಳವರೆಗೆ ಬದಲಾಯಿಸಿಕೊಡುವಂತೆ ಲಿಖಿತವಾಗಿ ಒಪ್ಪಿಸಿಕೊಳ್ಳುವುದು. ಗಿರಾಕಿಯ ಬಿಲ್ಲಿನಲ್ಲಿ ಅಳವಡಿಸಿದ ದಿನಾಂಕ, ಪಾರ್ಟ್ ನಂಬರ್ ಮತ್ತು ವಾಪಸಾತಿ ಅವಧಿಯನ್ನು ನಮೂದಿಸುವುದು. ಬದಲಾಯಿಸಿದ ಹಳೆಯ ಭಾಗವನ್ನು ಗಿರಾಕಿಗೆ ತೋರಿಸಿ ಹಿಂತಿರುಗಿಸುವುದು ಉತ್ತಮ ಪದ್ಧತಿ. ಗಿರಾಕಿಯೇ ತಂದುಕೊಟ್ಟ ಭಾಗವನ್ನು ಅಳವಡಿಸಿದಲ್ಲಿ ಅದನ್ನೂ ಬಿಲ್ಲಿನಲ್ಲಿ ಬರೆಯತಕ್ಕದ್ದು.

6. ನಕಲಿ ಬಿಡಿಭಾಗಗಳು

ಚಿಲ್ಲರೆ ಮಾರಾಟದ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ, ಸಂಖ್ಯೆ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರ ದೂರಿಗಾಗಿ ಸಂಪರ್ಕ ವಿವರ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ತಿಳಿಸುತ್ತವೆ. ಆಮದು ಸರಕಾದಲ್ಲಿ ಮೂಲ ದೇಶದ ಹೆಸರೂ ಇರತಕ್ಕದ್ದು. ಇವು ಇಲ್ಲದ, ಅಕ್ಷರ ತಪ್ಪಿರುವ ಅಥವಾ ಮೊಹರು ಮತ್ತೆ ಅಂಟಿಸಿದಂತಿರುವ ಪೊಟ್ಟಣವನ್ನು ಸ್ವೀಕರಿಸಬಾರದು.

ಬೇರೆ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವ ಹೊಂದಿಕೆಯ ಭಾಗಗಳು ನಕಲಿಯಲ್ಲ. ಅವುಗಳನ್ನು ಗಿರಾಕಿಗೆ ತಿಳಿಸಿ ಬಳಸಬಹುದು. ಆದರೆ ಇನ್ನೊಬ್ಬರ ವ್ಯಾಪಾರ ಚಿಹ್ನೆಯನ್ನು ಸುಳ್ಳಾಗಿ ಹಾಕಿದ ಸರಕನ್ನು ಮಾರುವುದು ವ್ಯಾಪಾರ ಚಿಹ್ನೆಗಳ ಅಧಿನಿಯಮ, 1999ರ 104ನೇ ಪ್ರಕರಣದಡಿ ಅಪರಾಧವಾಗಿದ್ದು, 6 ತಿಂಗಳಿನಿಂದ 3 ವರ್ಷಗಳವರೆಗೆ ಕಾರಾವಾಸ ಮತ್ತು ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಸೂಕ್ತ ಎಚ್ಚರಿಕೆ ವಹಿಸಿದ್ದು, ಸಂಶಯಕ್ಕೆ ಕಾರಣವಿರಲಿಲ್ಲವೆಂದೂ ಸರಕನ್ನು ಯಾರಿಂದ ಪಡೆಯಲಾಯಿತೆಂದೂ ತೋರಿಸಬಲ್ಲವರಿಗೆ ಇದೇ ಪ್ರಕರಣವು ರಕ್ಷಣೆ ನೀಡುತ್ತದೆ. ಬಿಲ್ಲಿಲ್ಲದೆ ಅಗ್ಗವಾಗಿ ಪಡೆದ ಸರಕಿನ ವಿಷಯದಲ್ಲಿ ಈ ರಕ್ಷಣೆಯನ್ನು ಕೋರುವುದು ಕಷ್ಟ.

7. ಉದ್ರಿ ಖಾತೆ ಮತ್ತು ಪಾವತಿ

ಅ) ಉದ್ರಿಯ ಮಿತಿ, ಅವಧಿ ಮತ್ತು ಬಡ್ಡಿಯನ್ನು ಮೊದಲೇ ಬರೆದುಕೊಳ್ಳುವುದು. ತಿಂಗಳಿಗೊಮ್ಮೆ ಎರಡೂ ಕಡೆಯ ಲೆಕ್ಕವನ್ನು ತಾಳೆ ನೋಡುವುದು.

ಆ) ಸರಬರಾಜುದಾರರ ಪುಸ್ತಕದಲ್ಲಿ "ಬಾಕಿ ಒಪ್ಪಿದ್ದೇನೆ" ಎಂದು ಸಹಿ ಮಾಡುವ ಮುನ್ನ ಮೊತ್ತವನ್ನು ಪರಿಶೀಲಿಸತಕ್ಕದ್ದು. ಸರಕಿನ ಬೆಲೆ ವಸೂಲಿಯ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿ ಇದ್ದು, ಆ ಅವಧಿಯೊಳಗೆ ನೀಡಿದ ಲಿಖಿತ ಒಪ್ಪಿಗೆಯಿಂದ ಹೊಸ ಕಾಲಮಿತಿ ಆರಂಭವಾಗುತ್ತದೆ.

ಇ) ಭದ್ರತೆಗೆಂದು ಸಹಿ ಮಾಡಿದ ಖಾಲಿ ಚೆಕ್ಕನ್ನು ನೀಡಬಾರದು. ಮೊತ್ತ ಬರೆದು ಹಾಜರುಪಡಿಸಿದ ಚೆಕ್ಕು ಹಣವಿಲ್ಲದೆ ಹಿಂತಿರುಗಿ, ನೋಟೀಸು ತಲುಪಿದ 15 ದಿನಗಳೊಳಗೆ ಪಾವತಿಸದಿದ್ದಲ್ಲಿ 2 ವರ್ಷಗಳವರೆಗೆ ಕಾರಾವಾಸ ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ ಅಥವಾ ಎರಡಕ್ಕೂ ಗುರಿಯಾಗಬೇಕಾಗುತ್ತದೆ.

ಈ) ಪರಿಚಯವಿಲ್ಲದ ಮಾರಾಟಗಾರರಿಗೆ ಪೂರ್ತಿ ಹಣವನ್ನು ಮುಂಗಡವಾಗಿ ಕಳುಹಿಸುವ ಮುನ್ನ ಅವರ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹುಡುಕಿ ನೋಡುವುದು. ಆನ್‌ಲೈನ್ ವಂಚನೆಯಾದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡುವುದು.

ಉ) ದಾಸ್ತಾನಿಗೆ ಬೇಕಾದ ದುಡಿಯುವ ಬಂಡವಾಳಕ್ಕಾಗಿ, 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯಡಿ ಬ್ಯಾಂಕುಗಳಲ್ಲಿ ವಿಚಾರಿಸಬಹುದು. ಶಿಶು ವರ್ಗದಲ್ಲಿ ರೂ. 50,000, ಕಿಶೋರ ವರ್ಗದಲ್ಲಿ ರೂ. 5 ಲಕ್ಷ, ತರುಣ ವರ್ಗದಲ್ಲಿ ರೂ. 10 ಲಕ್ಷ ಮಿತಿ ಇರುತ್ತದೆ.

8. ಉದ್ಯಮ್ ನೋಂದಣಿ ಮತ್ತು ತಡವಾದ ಪಾವತಿ

ಉದ್ಯಮ್ ನೋಂದಣಿಯು ದಿನಾಂಕ 01-07-2020ರಿಂದ ಜಾರಿಯಲ್ಲಿದ್ದು, ಸಂಪೂರ್ಣ ಉಚಿತವಾಗಿದೆ. ಯಾವುದೇ ಮಧ್ಯವರ್ತಿಗೆ ಶುಲ್ಕ ನೀಡುವ ಅಗತ್ಯವಿರುವುದಿಲ್ಲ.

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮವು ಒದಗಿಸಿದ ಸರಕು ಅಥವಾ ಸೇವೆಗೆ ಒಪ್ಪಿದ ದಿನದೊಳಗೆ, ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು. ಒಪ್ಪಂದವಿಲ್ಲದಿದ್ದಲ್ಲಿ ಅವಧಿ 15 ದಿನಗಳು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರರಷ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕು. ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಂಡರೆ ಬಡ್ಡಿಯು ವಾರ್ಷಿಕ ಶೇ. 18 ಆಗುತ್ತದೆ.

ಇದು ಎರಡು ರೀತಿಯಲ್ಲಿ ಅನ್ವಯಿಸುತ್ತದೆ. ಗ್ಯಾಸ್ಕೆಟ್ ಅಥವಾ ಲೈನರನ್ನು ಸ್ವತಃ ತಯಾರಿಸುವ ನೋಂದಾಯಿತ ಸಣ್ಣ ಕಾರ್ಖಾನೆಯಿಂದ ಖರೀದಿಸಿದಾಗ ಅಂಗಡಿಯೇ ಈ ಅವಧಿಗೆ ಬದ್ಧ. ಕಲ್ಲುಗಣಿ, ರೇಷ್ಮೆ ಘಟಕ ಅಥವಾ ಯಂತ್ರ ಬಾಡಿಗೆ ಕೇಂದ್ರಕ್ಕೆ ದುರಸ್ತಿ ಸೇವೆ ನೀಡಿ ಹಣ ಬಾರದಿದ್ದಾಗ ನೋಂದಾಯಿತ ಅಂಗಡಿಯು ಇದೇ ಹಕ್ಕನ್ನು ಕೋರಬಹುದು.

ನೋಂದಣಿಯಲ್ಲಿ ಚಟುವಟಿಕೆಯ ಸಂಖ್ಯೆಯನ್ನು ಎಚ್ಚರಿಕೆಯಿಂದ ಆರಿಸತಕ್ಕದ್ದು. 2021ರ ಜುಲೈ 2ರ ಕೇಂದ್ರ ಸರ್ಕಾರದ ಆದೇಶದಂತೆ ಸಗಟು ಮತ್ತು ಚಿಲ್ಲರೆ ವ್ಯಾಪಾರಕ್ಕೆ ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರ ದೊರೆಯುತ್ತದೆ. ಮೋಟಾರು ವಾಹನಗಳ ವ್ಯಾಪಾರ ಮತ್ತು ದುರಸ್ತಿಯ ವಿಭಾಗ 45 ಸಹ ಆ ಆದೇಶದ ಪಟ್ಟಿಯಲ್ಲಿದೆ. ಪಂಪ್‌ಸೆಟ್, ಟಿಲ್ಲರ್ ಮುಂತಾದ ಯಂತ್ರಗಳ ದುರಸ್ತಿಯು ಯಂತ್ರೋಪಕರಣ ದುರಸ್ತಿಯ ವಿಭಾಗ 33ಕ್ಕೆ ಸೇರುತ್ತದೆ. ದುರಸ್ತಿಯೇ ಮುಖ್ಯ ಕೆಲಸವಾಗಿರುವವರು "ಬಿಡಿಭಾಗ ವ್ಯಾಪಾರ" ಎಂದು ಮಾತ್ರ ನೋಂದಾಯಿಸಿಕೊಂಡಲ್ಲಿ ಬಾಕಿ ವಸೂಲಿಯ ಸೌಲಭ್ಯ ಕೈತಪ್ಪಬಹುದು. ವಿವಾದ ಉಂಟಾದ ನಂತರವಲ್ಲದೆ, ವ್ಯವಹಾರಕ್ಕೆ ಮೊದಲೇ ನೋಂದಣಿ ಮಾಡಿಸಿರುವುದು ಕ್ಷೇಮಕರ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಂಗಡಿಯ ಬಳಕೆಗೆ ಕೊಂಡ ಏರ್ ಕಂಪ್ರೆಸರ್ ಕೆಟ್ಟಿದೆ. ಗ್ರಾಹಕರಾಗಿ ದೂರು ನೀಡಬಹುದೇ?
ಉತ್ತರ: ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಮಾತ್ರ ಸ್ವತಃ ಬಳಸುತ್ತಿದ್ದಲ್ಲಿ ನೀಡಬಹುದು. ಕಾರಣ ಉಂಟಾದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಸಲ್ಲಿಸತಕ್ಕದ್ದು. ರೂ. 5 ಲಕ್ಷದವರೆಗಿನ ಮೌಲ್ಯಕ್ಕೆ ಶುಲ್ಕವಿರುವುದಿಲ್ಲ.

ಪ್ರಶ್ನೆ: ಪೊಟ್ಟಣದ ಮೇಲಿನ ಬೆಲೆಗಿಂತ ಹೆಚ್ಚು ಪಡೆಯಬಹುದೇ?
ಉತ್ತರ: ಬಿಡಿಭಾಗಕ್ಕೆ ಗರಿಷ್ಠ ಮಾರಾಟ ಬೆಲೆಯನ್ನು ಮೀರುವಂತಿಲ್ಲ. ಅಳವಡಿಸುವ ಕೂಲಿಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸುವುದು.

ಪ್ರಶ್ನೆ: ಬಿಲ್ಲುಗಳನ್ನು ಎಷ್ಟು ಕಾಲ ಇಡಬೇಕು?
ಉತ್ತರ: ಜಿಎಸ್‌ಟಿ ನೋಂದಾಯಿತರು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಇಡತಕ್ಕದ್ದು. ಉಳಿದವರು ಕನಿಷ್ಠ 3 ವರ್ಷ ಇಡುವುದು ಸೂಕ್ತ.

10. ಸಂಪರ್ಕಿಸಬೇಕಾದ ಕಚೇರಿಗಳು

- ಉದ್ಯಮ್ ನೋಂದಣಿಯ ಮಾರ್ಗದರ್ಶನ: ಜಿಲ್ಲಾ ಕೈಗಾರಿಕಾ ಕೇಂದ್ರ, ರಾಮನಗರ
- ತಡವಾದ ಪಾವತಿ: ರಾಜ್ಯದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿ (ಅರ್ಜಿ ಆನ್‌ಲೈನ್ ಮೂಲಕ)
- ಜಿಎಸ್‌ಟಿ: ವಾಣಿಜ್ಯ ತೆರಿಗೆಗಳ ಇಲಾಖೆ
- ಪೊಟ್ಟಣ ಮತ್ತು ಗರಿಷ್ಠ ಮಾರಾಟ ಬೆಲೆ: ಕಾನೂನು ಮಾಪನಶಾಸ್ತ್ರ ಇಲಾಖೆ
- ನಕಲಿ ಸರಕು: ವ್ಯಾಪ್ತಿಯ ಪೊಲೀಸ್ ಠಾಣೆ
- ಗ್ರಾಹಕರ ದೂರು: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915

ಯಾವುದೇ ಕಚೇರಿಗೆ ಅರ್ಜಿ ಸಲ್ಲಿಸುವಾಗ ಬೇಡಿಕೆಯ ಸಂದೇಶ, ಬಿಲ್ಲು, ಸಾಗಣೆ ರಸೀದಿ, ದೋಷದ ಬಗ್ಗೆ ಕಳುಹಿಸಿದ ತಿಳಿವಳಿಕೆ ಮತ್ತು ಪಾವತಿಯ ವಿವರಗಳ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಲಗತ್ತಿಸತಕ್ಕದ್ದು. ಮೂಲ ದಾಖಲೆಗಳನ್ನು ಅಂಗಡಿಯಲ್ಲಿಯೇ ಇರಿಸಿಕೊಳ್ಳುವುದು.