ಪಹಣಿಯಲ್ಲಿ ಕಾಣದ ಸಾಲುಗಳು

ಪಿಎಚ್.ಡಿ. ಅಧ್ಯಯನಕ್ಕಾಗಿ ಚಳ್ಳಕೆರೆ ಸೀಮೆಯ ಹಳೆಯ ಪಹಣಿಗಳನ್ನು ನೋಡುತ್ತಿದ್ದಾಗ ನಮ್ಮ ಹೊಲದ ಸರ್ವೆ ನಂಬರೂ ಸಿಕ್ಕಿತು. ಬೆಳೆಯ ಹೆಸರಿನ ಕಡೆ ವರ್ಷದಿಂದ ವರ್ಷಕ್ಕೆ ಒಂದೇ ಪದ: ಶೇಂಗಾ. ಮಿಶ್ರ ಬೆಳೆಯ ಕಾಲಂ ಖಾಲಿ. ಊರಿಗೆ ಹೋದಾಗ ಅಜ್ಜಿಗೆ ಹೇಳಿದೆ. "ತೊಗರಿ, ಅಲಸಂದೆ, ಹರಳು ಹಾಕಿದ್ದನ್ನೆಲ್ಲ ಯಾರು ಬರ್ಕಂತಾರೆ? ಅದು ಮನೇಗೆ ಅಂತ ಹಾಕಿದ್ದು" ಎಂದಳು.

ಚಿತ್ರದುರ್ಗ ಜಿಲ್ಲೆಯ ಈ ಪೂರ್ವ ಭಾಗದಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಹಾಗಾಗಿ ಹಿಂದಿನವರು ನವಣೆ, ಸಾಮೆ, ಹಾರಕ, ರಾಗಿ, ಜೋಳ ಬಿತ್ತಿ, ನಡುವೆ ಅಕ್ಕಡಿ ಸಾಲಿನಲ್ಲಿ ಕಾಳುಗಳನ್ನು ಹಾಕುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತಿತ್ತು. ಏನೂ ಇಲ್ಲದಿದ್ದರೂ ದನಕ್ಕೆ ಮೇವಾದರೂ ಸಿಗುತ್ತಿತ್ತು.

ದಕ್ಷಿಣ ಅಮೆರಿಕ ಮೂಲದ ಶೇಂಗಾಕ್ಕೆ ಇಲ್ಲಿನ ಮರಳು ಮಿಶ್ರಿತ ಕೆಂಪು ನೆಲ ಒಗ್ಗಿತು. ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಬಂದ ಟಿಎಂವಿ-2 ತಳಿ ಮೂರೂವರೆ ತಿಂಗಳಿಗೇ ಕೊಯ್ಲಿಗೆ ಬರುತ್ತಿತ್ತು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರಾಗಿ ಹೆಸರಾಯಿತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭಿಸಿತು. ಶೇಂಗಾ ಹಾಕಿದವರು ಮೋಸ ಹೋದರು ಎಂದು ಹೇಳಲಾರೆ. ಒಕ್ಕಲು ಮನೆಗಳು ರೊಕ್ಕ ಕಂಡದ್ದು ಅದರಿಂದಲೇ. ನಮ್ಮಪ್ಪ ಓದಿದ್ದೂ ಆ ದುಡ್ಡಿನಲ್ಲೇ.

ಆದರೆ ಇಳುವರಿಯ ಅಂಕಿಗಿಂತ ಬಿತ್ತನೆಯ ಅಂಕಿ ನನ್ನನ್ನು ಹೆಚ್ಚು ಕಾಡಿತು. ಎಕರೆ ನವಣೆಗೆ ಮೂರ್ನಾಲ್ಕು ಕೆ.ಜಿ. ಬೀಜ ಸಾಕು. ಬೂದಿ ಬೆರೆಸಿ ಮಡಕೆಯಲ್ಲಿ ಇಟ್ಟರೆ ಮುಂದಿನ ಮುಂಗಾರಿಗೆ ಚಿಂತೆಯಿಲ್ಲ. ಶೇಂಗಾಕ್ಕೆ ಎಕರೆಗೆ 40–50 ಕೆ.ಜಿ. ಕಾಳು ಬೇಕು. ಬರ ಬಂದ ವರ್ಷ ಅಷ್ಟನ್ನು ಉಳಿಸಿಕೊಳ್ಳುವುದು ಬಡವರಿಗೆ ಆಗದ ಮಾತು. ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿದ್ದನ್ನು ಬಿತ್ತನೆ ಹೊತ್ತಿಗೆ ದುಬಾರಿಗೆ ಕೊಳ್ಳಬೇಕು, ಅದೂ ಸಾಲ ಮಾಡಿ. ಹೀಗೆ ಮನೆಯ ಹೆಂಗಸರ ಮಡಕೆಯಲ್ಲಿದ್ದ ಬೀಜ ಮಂಡಿಯವರ ಕೈ ಸೇರಿತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾಯಿತು. ಅಗ್ಗದ ಎಣ್ಣೆಯೆದುರು ಚಳ್ಳಕೆರೆಯ ಹಲವು ಗಿರಣಿಗಳು ಬಾಗಿಲು ಮುಚ್ಚಿದವು. ಬೀಜದ ಸಾಲ ಮಾತ್ರ ರೈತನ ಬಳಿಯೇ ಉಳಿಯಿತು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ನವಣೆ ಪೊಟ್ಟಣವನ್ನು ಅಜ್ಜಿಗೆ ಕೊಟ್ಟೆ. ಅಂಗೈಗೆ ಸುರಿದುಕೊಂಡು ನೋಡಿದಳು. "ಸಿಪ್ಪೆ ತೆಗ್ದವ್ರೆ, ಇದು ಹುಟ್ಟಲ್ಲ" ಎಂದಳು.

ನನ್ನ ಪ್ರಬಂಧದ ಮೊದಲ ಕರಡಿನಲ್ಲಿ "ಆಹಾರ ಬೆಳೆಯಿಂದ ವಾಣಿಜ್ಯ ಬೆಳೆಗೆ ಪಲ್ಲಟ" ಎಂದು ಬರೆದಿದ್ದೆ. ಪಹಣಿಯ ಮಟ್ಟಿಗೆ ಅದು ಸರಿಯೇ. ಈಗ ಬೀಜದ ಬಗ್ಗೆ ಇನ್ನೊಂದು ಅಧ್ಯಾಯ ಬರೆಯುತ್ತಿದ್ದೇನೆ. ಅದಕ್ಕೆ ದಾಖಲೆ ಕಚೇರಿಯಲ್ಲಿಲ್ಲ. ಅಜ್ಜಿಯ ವಾರಿಗೆಯ ಹೆಂಗಸರನ್ನೇ ಕೇಳಬೇಕು, ಅವರು ಇರುವಾಗಲೇ.